ಎಫ್‌ಐಆರ್‌ನಲ್ಲಿ ಇಲ್ಲದ ಫೋನು

ನನ್ನ ಮೇಲಿನ ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಕಾರು ಚಲಾಯಿಸಿಕೊಂಡು ಬಂದು’ ಎಂದಿದೆ. ಅಜಾಗರೂಕತೆ ನಿಜ, ಅತಿವೇಗ ಸುಳ್ಳು. ಆ ಬೆಳಿಗ್ಗೆ ತುಮಕೂರು ರಸ್ತೆಯಲ್ಲಿ ಅತಿವೇಗದಲ್ಲಿ ಹೋಗಬೇಕೆಂದರೂ ಜಾಗವಿರಲಿಲ್ಲ. ನನ್ನ ಕಾರಿನ ಮುಳ್ಳು ಗಂಟೆಗೆ 30 ಕಿಲೋಮೀಟರಿನ ಆಚೆ ಹೋಗಿರಲಾರದು. ಆದರೂ ಠಾಣೆಯಲ್ಲಿ ಅದನ್ನು ಓದಿ ಹೇಳಿದಾಗ ನಾನು ಬಾಯಿ ಬಿಡಲಿಲ್ಲ. ನಿಜವಾದ ಕಾರಣ ನನ್ನ ಅಂಗಿಯ ಜೇಬಿನಲ್ಲಿತ್ತು, ಅದನ್ನು ಯಾರೂ ಕೇಳಲಿಲ್ಲ. ಕೇಳದಿದ್ದದ್ದು ನನ್ನ ಅದೃಷ್ಟ ಅಂದುಕೊಂಡೆ.

2022ರ ಮಾತು. ಪೀಣ್ಯದ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು, ಹಿಂದಿನ ಡಿಸೆಂಬರಿನಲ್ಲಿ ಅದನ್ನು ಮುಚ್ಚಿ, ಆಮೇಲೆ ಸಣ್ಣ ವಾಹನಗಳಿಗಷ್ಟೇ ಬಿಟ್ಟಿದ್ದರು. ಲಾರಿ, ಬಸ್ಸು ಎಲ್ಲವೂ ಕೆಳಗಿನ ರಸ್ತೆಗೆ ಬಂದು ಬಿದ್ದಿದ್ದವು. ಜಾಲಹಳ್ಳಿ ಕ್ರಾಸಿನಲ್ಲಿ ತಿರುಗಬೇಕಾದ ನನಗೂ ಕೆಳಗಿನ ರಸ್ತೆಯೇ ಗತಿ. ದಾಸರಹಳ್ಳಿ ಹತ್ತಿರ ಬರುವಾಗ ಫೋನು ಟಿಣ್ ಅಂದಿತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು. ‘ಇವತ್ತು ಟ್ಯಾಂಕರ್ ಬರುತ್ತಾ?’ ಎಂದು ಯಾರೋ ಕೇಳಿದ್ದರು. ಸಂಘದ ಖಜಾಂಚಿ ನಾನು. ಉತ್ತರ ಕೊಡದಿದ್ದರೆ ಐದು ನಿಮಿಷದಲ್ಲಿ ಇಪ್ಪತ್ತು ಪ್ರಶ್ನೆಚಿಹ್ನೆ ಬರುತ್ತವೆಂಬುದು ಗೊತ್ತಿದ್ದವನು. ಸ್ಟೀರಿಂಗಿನ ಮೇಲೆ ಒಂದು ಕೈ ಇಟ್ಟುಕೊಂಡೇ ‘ನೋಡ್ತೀನಿ’ ಎಂದು ಬರೆದು ಕಳಿಸಿದೆ. ತಲೆ ಎತ್ತುವಷ್ಟರಲ್ಲಿ ಮುಂದಿನ ಬೈಕು ನನ್ನ ಬಂಪರಿಗೆ ತಾಗಿ, ಸವಾರರು ಎಡಕ್ಕೆ ಹೋಗಿ ಬಿದ್ದಿದ್ದರು.

ಅವರು ಮೂವತ್ತರ ಆಸುಪಾಸಿನವರು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇಥ್ ಮೇಲೆ ಟರ್ನರ್ ಕೆಲಸ. ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಲಿಲ್ಲ. ಎಡಗೈ ಎತ್ತಲು ಹೋಗಿ ಮುಖ ಕಿವುಚಿದರು. ಕಾಲರ್ ಬೋನ್ ಮುರಿದಿತ್ತು. ಜನ ಸೇರಿದರು. ಯಾರೋ ನನ್ನ ಕಾರಿನ ಕೀ ಕಿತ್ತುಕೊಂಡರು. ನಾನು 108ಕ್ಕೆ ಕರೆ ಮಾಡಿದೆ, ಅದೇ ಫೋನಿನಿಂದ. ಆಂಬುಲೆನ್ಸ್ ಹೊರಟಿತು, ಆದರೆ ಬರಲಿಲ್ಲ. ನನ್ನ ಹಿಂದೆ ನಿಂತ ಸಾಲಿನಲ್ಲೇ ಎಲ್ಲೋ ಸಿಕ್ಕಿಕೊಂಡಿತ್ತು. ಕೊನೆಗೆ ಒಬ್ಬ ಆಟೋದವರು ಸರ್ವಿಸ್ ರಸ್ತೆಯಿಂದ ಎದುರುದಿಕ್ಕಿನಲ್ಲಿ ನುಗ್ಗಿ ಬಂದು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೋಗುವ ಮುಂಚೆ ನನ್ನತ್ತ ತಿರುಗಿ, ‘ಟೋಲ್‌ತನಕ ನಿಂತಿದೆ ಗಾಡಿ, ನೋಡಿ ಸಾರ್ ಏನ್ ಮಾಡಿದೀರಾ’ ಅಂದರು. ನಾನು ಮೀಡಿಯನ್ ಮೇಲೆ ಹತ್ತಿ ಹಿಂದಕ್ಕೆ ನೋಡಿದೆ. ಲಾರಿಗಳ ತಲೆಯ ಸಾಲು, ನಡುನಡುವೆ ಬಿಎಂಟಿಸಿ ಬಸ್ಸುಗಳು, ಬಸ್ಸಿನಿಂದ ಇಳಿದು ಬ್ಯಾಗು ಹೊತ್ತು ನಡೆಯತೊಡಗಿದ ಗಾರ್ಮೆಂಟ್ಸ್ ಹೆಂಗಸರು. ತಡವಾಗಿ ಹೋದರೆ ಅವರಿಗೆ ಸಂಬಳ ಹಿಡಿಯುತ್ತಾರೆ. ಅದೆಷ್ಟು ಜನರ ಎಷ್ಟು ಹಣ ನನ್ನ ‘ನೋಡ್ತೀನಿ’ಗೆ ಹೋಯಿತೋ, ಲೆಕ್ಕ ಬರೆದು ಹೊಟ್ಟೆ ಹೊರೆಯುವ ನನಗೂ ಅದರ ಲೆಕ್ಕ ಸಿಗಲಿಲ್ಲ.

ಗಾಡಿಗಳನ್ನು ಬದಿಗೆ ತಳ್ಳಬಹುದಿತ್ತು. ಪೊಲೀಸರು ಬರುವ ತನಕ ಮುಟ್ಟಬಾರದು ಎಂದು ಸೇರಿದವರೆಲ್ಲ ಹೇಳಿದರು, ನಾನೂ ತಲೆಯಾಡಿಸಿದೆ. ಕಾರು ನಡುರಸ್ತೆಯಲ್ಲಿ ನಿಂತಿದ್ದರೆ ನನ್ನ ಪರವಾಗಿ ಏನೋ ಸಾಕ್ಷಿ ಹೇಳುತ್ತದೆ ಎಂಬ ಮೂರ್ಖ ಆಸೆ. ಒಂದು ಫೋಟೋ ತೆಗೆದು, ಗಾಡಿಯನ್ನು ಬದಿಗೆ ಹಾಕಿದ್ದರೆ ಆ ಆಂಬುಲೆನ್ಸ್ ಬರುತ್ತಿತ್ತು.

ಠಾಣೆಯಲ್ಲಿ ನಾನು ಹೇಳಿದ್ದು ಇಷ್ಟು: ‘ಬೈಕಿನವರು ಸಡನ್ನಾಗಿ ಬ್ರೇಕ್ ಹಾಕಿದರು ಸಾರ್, ಕಂಟ್ರೋಲ್ ಸಿಗಲಿಲ್ಲ.’ ಮಹಜರು ಆಯಿತು, ನಕ್ಷೆ ಬರೆದರು. ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಕಾರಿನ ಬ್ರೇಕು, ಸ್ಟೀರಿಂಗು ಪರೀಕ್ಷೆ ಮಾಡಿ, ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ ಎಂದು ವರದಿ ಕೊಟ್ಟರು. ಆ ವರದಿ ಕೈಗೆ ಬಂದ ದಿನ ನನಗೆ ನಗು ಬಂತು. ಇಡೀ ಕಡತದಲ್ಲಿ ಪೂರ್ತಿ ಸತ್ಯ ಹೇಳಿದ್ದು ಕಾರು ಒಂದೇ. ಆಗಿನ್ನೂ ಹಳೆಯ ದಂಡಸಂಹಿತೆ. 279 ಮತ್ತು 338ನೇ ಕಲಮು, ಯಾಕೆಂದರೆ ಮೂಳೆ ಮುರಿದರೆ ಕಾನೂನಿನ ಕಣ್ಣಲ್ಲಿ ಅದು ತೀವ್ರ ಗಾಯ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡೆ, ದಂಡ ಕಟ್ಟಿದೆ, ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಒಪ್ಪಿಕೊಂಡ ತಪ್ಪು ಮಾಡಿದ ತಪ್ಪಲ್ಲ ಎಂಬುದು ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ.

ಆಮೇಲೆ ಒಂದು ಚಟ ಹತ್ತಿತು. ರಾತ್ರಿ ಊಟವಾದ ಮೇಲೆ ಈ ವಿಷಯದ ಮೇಲೆ ಸಿಕ್ಕಿದ್ದೆಲ್ಲ ಓದುವುದು. ಪಶ್ಚಾತ್ತಾಪ ಅನ್ನುವುದಕ್ಕಿಂತ, ನನ್ನ ತಪ್ಪು ಎಷ್ಟು ಸಣ್ಣದೆಂದು ಸಾಬೀತು ಮಾಡಿಕೊಳ್ಳುವ ಆಸೆ ಅನ್ನಬೇಕು. ಆದದ್ದು ತಿರುಗುಮುರುಗು.

ಅಮೆರಿಕದ ವರ್ಜೀನಿಯಾ ಟೆಕ್ ಸಂಸ್ಥೆಯವರು ಟ್ರಕ್ಕುಗಳೊಳಗೆ ಕ್ಯಾಮೆರಾ ಇಟ್ಟು ಚಾಲಕರ ಕಣ್ಣು ಎಲ್ಲಿರುತ್ತದೆಂದು ಅಳೆದಿದ್ದರು. ಮೆಸೇಜು ಬರೆಯುವಾಗ ಆರು ಸೆಕೆಂಡಿನಲ್ಲಿ 4.6 ಸೆಕೆಂಡು ಕಣ್ಣು ರಸ್ತೆಯ ಮೇಲೆ ಇರುವುದಿಲ್ಲವೆಂದು 2009ರಲ್ಲಿ ಹೇಳಿದರು. ಗಂಟೆಗೆ 60 ಕಿಲೋಮೀಟರಿನಲ್ಲಿ ಅಷ್ಟು ಹೊತ್ತಿಗೆ ಗಾಡಿ 77 ಮೀಟರು ಹೋಗಿರುತ್ತದೆ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಲ್ಲಿ ಅದೇ ವೇಗಕ್ಕೆ, ಅಡ್ಡಿ ಕಂಡು ಗಾಡಿ ನಿಲ್ಲಿಸಲು ಇಟ್ಟಿರುವ ದೂರ 80 ಮೀಟರು. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರಲಿ ಎಂದು ಅದರಲ್ಲಿ ಎರಡೂವರೆ ಸೆಕೆಂಡು ಧಾರಾಳವಾಗಿ ಬಿಟ್ಟಿದ್ದಾರೆ. ರಸ್ತೆ ಮಾಡಿದವರು ನಮಗಾಗಿ ಉಳಿಸಿಟ್ಟ ಜಾಗವನ್ನೆಲ್ಲ ನಾವು ಒಂದು ಮೆಸೇಜಿಗೆ ಖರ್ಚು ಮಾಡಿಬಿಡುತ್ತೇವೆ, ಉಳಿಯುವುದು ಮೂರು ಮೀಟರು. ನನ್ನದು ಅರ್ಧದಷ್ಟು ವೇಗ. ಆ ವೇಗದಲ್ಲೂ ಮೂರು ಸೆಕೆಂಡಿಗೆ 25 ಮೀಟರು. ಬೈಕಿಗೂ ನನಗೂ ನಡುವೆ ಅದರ ಅರ್ಧವೂ ಇರಲಿಲ್ಲ. ನಿಧಾನವಾಗಿ ಹೋಗುವಾಗ ಫೋನು ನೋಡಿದರೆ ಪರವಾಗಿಲ್ಲ ಎಂದು ಬಹಳ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ನಿಧಾನವಾಗಿ ಹೋಗುವಾಗ ಗಾಡಿಗಳು ಒತ್ತಿಕೊಂಡಿರುತ್ತವೆ ಎಂಬುದು ಮಾತ್ರ ಆ ನಂಬಿಕೆಯಲ್ಲಿ ಸೇರಿಲ್ಲ.

ನನ್ನನ್ನು ಇನ್ನೂ ಹೆಚ್ಚು ಕಾಡಿದ್ದು ಜಪಾನಿನ ಒಂದು ಪ್ರಯೋಗ. ನಗೋಯಾ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಜೊತೆಗಾರರು 230 ಮೀಟರು ಸುತ್ತಳತೆಯ ವೃತ್ತದಲ್ಲಿ 22 ಕಾರು ಬಿಟ್ಟು, ಎಲ್ಲರೂ 30 ಕಿಲೋಮೀಟರು ವೇಗದಲ್ಲಿ ಸುಮ್ಮನೆ ಸುತ್ತಿ ಎಂದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಹಸು ಇಲ್ಲ. ಸ್ವಲ್ಪ ಹೊತ್ತು ಚೆನ್ನಾಗಿಯೇ ಸುತ್ತಿದರು. ಆಮೇಲೆ ಒಬ್ಬರು ಒಂಚೂರು ನಿಧಾನಿಸಿದರು, ಹಿಂದಿನವರು ಅದಕ್ಕಿಂತ ತುಸು ಹೆಚ್ಚು ಬ್ರೇಕ್ ಒತ್ತಿದರು, ಅವರ ಹಿಂದಿನವರು ಇನ್ನೂ ಹೆಚ್ಚು. ಕೆಲವು ಕಾರುಗಳು ಪೂರ್ತಿ ನಿಂತೇ ಹೋದವು. ಆ ನಿಂತ ಗುಂಪು ಗಂಟೆಗೆ ಸುಮಾರು 20 ಕಿಲೋಮೀಟರು ವೇಗದಲ್ಲಿ ಹಿಂದಕ್ಕೆ ಸರಿಯುತ್ತಾ ಹೋಯಿತು. 2008ರಲ್ಲಿ ಅದನ್ನು ಪ್ರಕಟಿಸಿದರು. ವಿಡಿಯೋ ಈಗಲೂ ಸಿಗುತ್ತದೆ, ನೋಡಿದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಅವರೆಲ್ಲ ಎಚ್ಚರವಾಗಿ ಓಡಿಸುತ್ತಿದ್ದವರು. ಅವರ ನಡುವೆ ನನ್ನಂಥವನನ್ನು ಕೂರಿಸಿ ನೋಡಿ. ಮೆಸೇಜು ಓದುವಾಗ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಸಡಿಲವಾಗುತ್ತದೆ. ಮುಂದೆ ಜಾಗ ಬಿಡುತ್ತದೆ, ಅದಕ್ಕೆ ಪಕ್ಕದಿಂದ ಒಂದು ಆಟೋ ನುಗ್ಗುತ್ತದೆ. ತಲೆ ಎತ್ತಿದವನು ಗಾಬರಿಯಾಗಿ ಬ್ರೇಕ್ ತುಳಿಯುತ್ತಾನೆ. ಗುದ್ದಲಿಲ್ಲ, ಸದ್ಯ! ಮುಂದೆ ಹೋಗಿ ಎಲ್ಲಾ ಮರೆಯುತ್ತಾನೆ. ಅವನು ತುಳಿದ ಬ್ರೇಕು ಮಾತ್ರ ಗಾಡಿಯಿಂದ ಗಾಡಿಗೆ ದಾಟಿಕೊಂಡು ಎಂಟನೇ ಮೈಲಿಯಲ್ಲಿ ಒಂದು ಬಸ್ಸನ್ನು ನಿಲ್ಲಿಸಿರುತ್ತದೆ. ಆ ಬಸ್ಸಿನ ಚಾಲಕನಿಗೆ ಮುಂದೆ ಏನಾಯಿತೆಂದು ಎಂದೂ ಗೊತ್ತಾಗುವುದಿಲ್ಲ. ಅಪಘಾತದ ಆ ಬೆಳಿಗ್ಗೆ ಜಾಮ್ ಮಾಡಿದವನು ನಾನು ಎಂದು ಎಲ್ಲರಿಗೂ ಕಂಡಿತು. ಅದಕ್ಕೂ ಮುಂಚಿನ ವರ್ಷಗಳಲ್ಲಿ, ಯಾರಿಗೂ ತಾಗಿಸದೆ, ಎಷ್ಟು ಜಾಮ್‌ಗಳ ತಲೆಯಲ್ಲಿ ನಾನಿದ್ದೆನೋ! 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರು ದಾಟಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗುತ್ತದೆ ಎಂದು ಟಾಮ್‌ಟಾಮ್ ಸಂಸ್ಥೆ ಹೇಳಿದಾಗ, ಅದನ್ನು ನಮ್ಮ ಗುಂಪಿಗೆ ಕಳಿಸಿ ಮೆಟ್ರೋ ಕಾಮಗಾರಿಯನ್ನೂ ಪಾಲಿಕೆಯನ್ನೂ ಬೈದವರಲ್ಲಿ ನಾನೂ ಒಬ್ಬ. ಬೈಗುಳಕ್ಕೆ ಅವು ಅರ್ಹವೇ ಇರಬಹುದು. ನನ್ನ ಪಾಲನ್ನು ನಾನು ಕಳೆದು ಹೇಳಲಿಲ್ಲ.

ಸಿಗ್ನಲ್ಲಿನಲ್ಲಿ ನಿಂತಾಗ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ಹಸಿರು ಬಿದ್ದ ಮೇಲೆ ಒಂದೊಂದು ಕಾರು ಗೆರೆ ದಾಟಲು ಸುಮಾರು ಎರಡು ಸೆಕೆಂಡು. ಮೊದಲ ಕಾರಿನವನು ನಾಲ್ಕು ಸೆಕೆಂಡು ತಡವಾಗಿ ತಲೆ ಎತ್ತಿದರೆ ಆ ಸಾಲಿನ ಕೊನೆಯ ಎರಡು ಕಾರು ಮತ್ತೆ ಕೆಂಪಿಗೆ ಕಾಯಬೇಕು. ನಮ್ಮೂರಿನಲ್ಲಿ ದೀಪ ಬದಲಾಗುವ ಮುಂಚೆಯೇ ಹಾರ್ನ್ ಶುರುವಾಗುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಊಹೆ: ಮುಂದಿನವನು ನೋಡುತ್ತಿಲ್ಲ ಎಂದು ಹಿಂದಿನವನು ಮೊದಲೇ ತೀರ್ಮಾನ ಮಾಡಿರುತ್ತಾನೆ.

ಇಷ್ಟೆಲ್ಲ ಓದಿ ನಾನು ಮಾಡಿದ ಪ್ರಾಯಶ್ಚಿತ್ತ ಏನು ಗೊತ್ತೆ? ಒಂದು ಬ್ಲೂಟೂತ್ ಸೆಟ್ಟು, ಡ್ಯಾಶ್‌ಬೋರ್ಡಿಗೆ ಒಂದು ಮೊಬೈಲ್ ಹೋಲ್ಡರು. ಕೈಯಲ್ಲಿ ಫೋನು ಹಿಡಿಯುವುದಿಲ್ಲ, ಕಾನೂನಿಗೂ ಸರಿ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಕಲಮು ಕೈಯಲ್ಲಿ ಹಿಡಿದ ಫೋನನ್ನು ಅಪಾಯಕಾರಿ ಚಾಲನೆ ಎನ್ನುತ್ತದೆ. 2020ರ ಅಕ್ಟೋಬರಿನಿಂದ, ಗಮನ ಕೆಡದ ಹಾಗೆ ದಾರಿ ನೋಡಿಕೊಳ್ಳುವುದಕ್ಕಷ್ಟೇ ಬಳಸಬಹುದು ಎಂದು ನಿಯಮ ಬಂತು. ನಾನು ಈ ‘ಗಮನ ಕೆಡದ ಹಾಗೆ’ ಎಂಬುದನ್ನು ಹಾರಿಸಿಕೊಂಡು ಓದಿದೆ. ದಾರಿ ತೋರಿಸುವ ಪರದೆಯ ಮೇಲೆಯೇ ಮೆಸೇಜುಗಳೂ ಬಂದು ಇಳಿಯುತ್ತಿದ್ದವು.

ಒಂದು ಸಂಜೆ ಮಗಳನ್ನು ಟ್ಯೂಷನ್ನಿನಿಂದ ಕರೆದುಕೊಂಡು ಬರುತ್ತಿದ್ದೆ. ಪಕ್ಕದ ಸೀಟಿನಲ್ಲಿ ಅವಳು. ಬ್ಲೂಟೂತ್‌ನಲ್ಲಿ ಆಫೀಸಿನವರು, ಜಿಎಸ್‌ಟಿ ರಿಟರ್ನಿನ ಯಾವುದೋ ವ್ಯತ್ಯಾಸ. ಎರಡೂ ಕೈ ಸ್ಟೀರಿಂಗ್ ಮೇಲೆ, ಕಣ್ಣು ನೇರ ರಸ್ತೆಯ ಮೇಲೆ. ಕರೆ ಮುಗಿದ ಮೇಲೆ ಅವಳು ಕೇಳಿದಳು:

‘ಅಪ್ಪಾ, ಆ ಅಜ್ಜಿ ಕಂಡ್ರಾ ನಿಮಗೆ?’

‘ಯಾವ ಅಜ್ಜಿ?’

‘ಜೀಬ್ರಾ ಕ್ರಾಸಲ್ಲಿ ಇದ್ರಲ್ಲ. ಕೈ ತೋರಿಸ್ತಾ ಇದ್ರು. ಹಿಂದಕ್ಕೆ ಹೋಗ್ಬಿಟ್ರು.’

ನನಗೆ ಅಜ್ಜಿ ಕಂಡಿರಲಿಲ್ಲ. ಜೀಬ್ರಾ ಕ್ರಾಸೂ ಕಂಡಿರಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ಕಾರು ಬದಿಗೆ ಹಾಕಿದೆ, ಕೈ ನಡುಗುತ್ತಿತ್ತು. ಬೈಕಿನವರು ಬಿದ್ದಾಗ ಕೂಡ ಅಷ್ಟು ನಡುಗಿರಲಿಲ್ಲ. ಆಗ ಕಣ್ಣು ಬೇರೆ ಕಡೆ ಇತ್ತೆಂದು ನನಗೆ ಗೊತ್ತಿತ್ತು. ಈಗ ಕಣ್ಣು ಇದ್ದ ಕಡೆಯೇ ಅಜ್ಜಿ ಇದ್ದರು.

ಇದನ್ನೂ ಓದಿಯೇ ಇದ್ದೆ, ನನಗೆ ಬೇಡವಾದ ಸಂಗತಿಯೆಂದು ಪಕ್ಕಕ್ಕಿಟ್ಟಿದ್ದೆ. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಜನರನ್ನು ಕೃತಕ ಕಾರಿನಲ್ಲಿ ಕೂರಿಸಿ, ಕಣ್ಣು ಎಲ್ಲಿ ನೆಡುತ್ತದೆಂದು ಯಂತ್ರದಿಂದ ಗುರುತಿಸಿದರು. ಕೈಯಲ್ಲಿ ಫೋನು ಹಿಡಿಯದೆ ಬರೀ ಮಾತಾಡುತ್ತಿದ್ದವರು ನೇರವಾಗಿ ನೋಡಿದ ಫಲಕಗಳನ್ನೂ ಆಮೇಲೆ ಗುರುತಿಸಲಾರದೆ ಹೋದರು. ಕಣ್ಣು ನೋಡಿತ್ತು, ಮನಸ್ಸು ಹಾಜರಿರಲಿಲ್ಲ. ಅವರ 2003ರ ಪ್ರಬಂಧ ಅದು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ, ಅಪಘಾತವಾಗಿ ಆಸ್ಪತ್ರೆ ಸೇರಿದ ಚಾಲಕರ ಫೋನ್ ದಾಖಲೆ ತೆಗೆದು ನೋಡಿದವರು 2005ರಲ್ಲಿ, ಫೋನಿನಲ್ಲಿ ಮಾತಾಡುವಾಗ ಅಪಾಯ ನಾಲ್ಕು ಪಟ್ಟು, ಕೈಯಲ್ಲಿ ಹಿಡಿದರೂ ಅಷ್ಟೇ ಹಿಡಿಯದಿದ್ದರೂ ಅಷ್ಟೇ ಎಂದರು. ಸ್ಟ್ರೇಯರ್ ತಂಡ 2015ರಲ್ಲಿ ಇನ್ನೊಂದು ಅಳತೆ ಹೇಳಿತು: ಧ್ವನಿಯಿಂದ ಆಜ್ಞೆ ಕೊಡುವ ಕೆಲವು ವ್ಯವಸ್ಥೆಗಳನ್ನು ಬಳಸಿ ಮುಗಿಸಿದ ಮೇಲೂ ಗಮನ ಪೂರ್ತಿ ರಸ್ತೆಗೆ ಮರಳಲು 27 ಸೆಕೆಂಡಿನವರೆಗೆ ಬೇಕಾಗುತ್ತದೆ. 40 ಕಿಲೋಮೀಟರು ವೇಗದಲ್ಲಿ ಅದು 300 ಮೀಟರು. ಸಿಗ್ನಲ್ಲಿನಲ್ಲಿ ಮೆಸೇಜು ಓದಿ ಹಸಿರಿಗೆ ಹೊರಟವನ ತಲೆಯೂ ಮುಂದಿನ ವೃತ್ತದ ತನಕ ಆ ಮೆಸೇಜಿನಲ್ಲೇ ಇರುತ್ತದೆ ಎಂದರೆ ನನಗೀಗ ಆಶ್ಚರ್ಯವಿಲ್ಲ.

ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಿಲ್ಲವೇ ಎಂದು ನಾನೂ ವಾದ ಮಾಡಿದವನೇ. ಮಾತಾಡುತ್ತೇವೆ. ಆದರೆ ಅವರಿಗೂ ರಸ್ತೆ ಕಾಣುತ್ತದೆ, ಲಾರಿ ಒತ್ತಿಕೊಂಡು ಬಂದರೆ ಮಾತು ನಿಲ್ಲಿಸುತ್ತಾರೆ, ‘ನೋಡಿ, ನೋಡಿ’ ಎನ್ನುತ್ತಾರೆ. ಜಿಎಸ್‌ಟಿ ಕೇಳುತ್ತಿದ್ದವರಿಗೆ ನನ್ನ ಮುಂದಿನ ಜೀಬ್ರಾ ಕ್ರಾಸ್ ಕಾಣುತ್ತಿರಲಿಲ್ಲ. ಮಗಳಿಗೆ ಕಂಡಿತ್ತು. ಅಪ್ಪ ಫೋನಿನಲ್ಲಿದ್ದಾರೆ, ನಡುವೆ ಮಾತಾಡಬಾರದು ಎಂದು ನಾನೇ ಕಲಿಸಿದ್ದೆ. ಅದಕ್ಕೇ ಅವಳು ಕರೆ ಮುಗಿಯುವ ತನಕ ಕಾದಳು.

ಹೋಲ್ಡರು ಅವತ್ತೇ ಕಿತ್ತೆ. ಫೋನು ಈಗ ಡಿಕ್ಕಿಯಲ್ಲಿ, ಊಟದ ಚೀಲದ ಜೊತೆ. ದಾರಿ ಗೊತ್ತಿಲ್ಲದಿದ್ದರೆ ಹೊರಡುವ ಮುಂಚೆ ನೋಡಿಕೊಳ್ಳುತ್ತೇನೆ, ತಪ್ಪಿದರೆ ಅಂಗಡಿಯವರನ್ನು ಕೇಳುತ್ತೇನೆ. ಖಜಾಂಚಿ ಕೆಲಸವನ್ನೂ ಬಿಟ್ಟೆ. ಅದಕ್ಕೆ ಕಾರಣ ಇದೊಂದೇ ಅಲ್ಲ, ಇರಲಿ.

ಹೇಳದೆ ಉಳಿದದ್ದು ಎಫ್‌ಐಆರ್‌ನ ವಿಚಾರ. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯನ್ನು ನಾನು ನಮ್ಮ ಕಂಪನಿಯ ಬ್ಯಾಲೆನ್ಸ್ ಶೀಟ್ ಓದುವ ಹಾಗೆಯೇ ಕೂತು ಓದಿದೆ. 2021ರಲ್ಲಿ ದೇಶದಲ್ಲಿ 4,12,432 ಅಪಘಾತ, 1,53,972 ಸಾವು. ಅದರಲ್ಲಿ ಮೊಬೈಲ್ ಬಳಕೆಯಿಂದ ಆದವು ಎಂದು ತೋರಿಸಿದ್ದು 1,997 ಅಪಘಾತ, 1,040 ಸಾವು. ಸಾವುಗಳಲ್ಲಿ ಶೇಕಡ 70ರ ಆಸುಪಾಸು ಅತಿವೇಗದ ಖಾತೆಯಲ್ಲಿವೆ. ಯಾವುದೇ ಸಿಗ್ನಲ್ಲಿನಲ್ಲಿ ನಿಂತು ಎಡಬಲ ನೋಡಿದವರಿಗೆ ಮೊಬೈಲಿನ ಅಂಕಿ ಇಷ್ಟು ಸಣ್ಣದಿರಲಾರದು ಅನ್ನಿಸುತ್ತದೆ. ಖರ್ಚನ್ನು ಬೇರೆ ಹೆಡ್ಡಿಗೆ ಹಾಕಿ ಮುಚ್ಚುವ ಗುಮಾಸ್ತರನ್ನು ನಾನು ಜೀವಮಾನವಿಡೀ ಹಿಡಿದಿದ್ದೇನೆ. ಇಲ್ಲಿ ಆ ಗುಮಾಸ್ತ ನಾನೇ. ಪೊಲೀಸರು ಕೊಟ್ಟ ಮಾಹಿತಿಯಿಂದ ವರದಿ ತಯಾರಾಗುತ್ತದೆ, ಪೊಲೀಸರಿಗೆ ಮಾಹಿತಿ ಕೊಡುವವರು ನನ್ನಂಥವರು. 2022ರ 4,61,312 ಅಪಘಾತಗಳಲ್ಲಿ ನನ್ನದೂ ಒಂದು, ಅತಿವೇಗದ ಖಾತೆಯಲ್ಲಿ.

ಅದು ಬರೀ ಅಂಕಿಯ ತಪ್ಪಾಗಿದ್ದರೆ ನಾನು ಬಹುಶಃ ಸುಮ್ಮನೇ ಇರುತ್ತಿದ್ದೆ. ಬೈಕಿನವರು ಪರಿಹಾರಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋದರು, ನನಗೂ ನನ್ನ ವಿಮಾ ಕಂಪನಿಗೂ ಸಮನ್ಸ್ ಬಂತು. ‘ನೀವು ಹೋಗೋ ಅಗತ್ಯ ಇಲ್ಲ, ಕಂಪನಿ ನೋಡಿಕೊಳ್ಳುತ್ತೆ’ ಎಂದು ಗೊತ್ತಿದ್ದವರೆಲ್ಲ ಹೇಳಿದರು. ಕಂಪನಿ ನೋಡಿಕೊಂಡಿತು. ಸವಾರರು ಹಠಾತ್ತನೆ ಬ್ರೇಕ್ ಹಾಕಿದ್ದರಿಂದ ಅಪಘಾತದಲ್ಲಿ ಅವರ ಪಾಲೂ ಇದೆ, ಆದ್ದರಿಂದ ಪರಿಹಾರವನ್ನು ಆ ಮಟ್ಟಿಗೆ ಕಡಿಮೆ ಮಾಡಬೇಕು ಎಂದು ಆಕ್ಷೇಪಣೆ ಹಾಕಿತ್ತು. ಠಾಣೆಯಲ್ಲಿ ನಾನು ಆಡಿದ ಮಾತು ವಕೀಲರ ಭಾಷೆಯಲ್ಲಿ ನೀಟಾಗಿ ಟೈಪಾಗಿ ನನಗೇ ವಾಪಸ್ ಬಂದಿತ್ತು. ಆ ಮನುಷ್ಯರಿಗೆ ಎಡಗೈ ಇನ್ನೂ ಪೂರ್ತಿ ಮೇಲೇಳುವುದಿಲ್ಲ. ಲೇಥ್‌ನಿಂದ ತೆಗೆದು ಇನ್‌ಸ್ಪೆಕ್ಷನ್ ವಿಭಾಗಕ್ಕೆ ಹಾಕಿದ್ದರು, ಓವರ್‌ಟೈಮ್ ಹೋಗಿತ್ತು.

ಕೋರ್ಟಿನ ಕಾರಿಡಾರಿನಲ್ಲಿ ಅವರನ್ನು ಕಂಡು ಫೋನಿನ ವಿಷಯ ಹೇಳಿದೆ. ಹೇಳಲು ತಡವರಿಸಿದೆ. ಅವರು ತಡೆದರು.

‘ಗೊತ್ತು ಸಾರ್. ಕನ್ನಡೀಲಿ ನೋಡಿದ್ದೆ. ನೀವು ತಲೆ ಬಗ್ಗಿಸ್ಕೊಂಡೇ ಬರ್ತಾ ಇದ್ರಿ. ಪಕ್ಕಕ್ಕೆ ಹೋಗೋಣ ಅಂದ್ರೆ ಬಸ್ಸು.’

‘ಪೊಲೀಸರಿಗೆ ಹೇಳಲಿಲ್ವಾ?’

‘ಆಸ್ಪತ್ರೇಲಿ ಬರ್ಕೊಂಡ್ ಹೋದ್ರು. ನಾನು ಸೈನ್ ಹಾಕ್ದೆ. ಏನ್ ಬರ್ದಿದ್ರೋ.’

ನನ್ನ ಪರ ಬೇರೆ ವಕೀಲರನ್ನು ಹಿಡಿದು, ಕಟಕಟೆಗೆ ಹೋಗುತ್ತೇನೆ ಎಂದೆ. ಆ ವಕೀಲರು ಮೊದಲು ಕೇಳಿದ್ದು ನನಗೆ ತಲೆ ಕೆಟ್ಟಿದೆಯೇ ಎಂದು. ಆಮೇಲೆ, ಫೋನು ನೋಡುತ್ತಿದ್ದೆ ಎಂದು ಹೇಳಿದರೂ ಮೂರನೆಯವರಿಗೆ ಕೊಡಬೇಕಾದ ಪರಿಹಾರದಿಂದ ಕಂಪನಿ ಜಾರಿಕೊಳ್ಳುವಂತಿಲ್ಲ ಎಂದು ತಿಳಿಸಿದರು. ಅಂದರೆ ಮೊದಲ ದಿನವೇ ನಿಜ ಹೇಳಿದ್ದರೂ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಮಾನ ಹೋಗುತ್ತದೆಂದು ಹೆದರಿದ್ದೆ, ಅಷ್ಟೇ.

ಪಾಟೀಸವಾಲಿಗೆ ಎದ್ದ ಕಂಪನಿಯ ವಕೀಲರು ಚೆನ್ನಾಗಿಯೇ ಕೇಳಿದರು. ಪೊಲೀಸರ ಮುಂದೆ ಹೀಗೆ ಹೇಳಿರಲಿಲ್ಲ ಅಲ್ಲವೇ? ಇಲ್ಲ. ಅಂದರೆ ಆಗ ಸುಳ್ಳು ಹೇಳಿದಿರಿ? ಹೌದು. ಆಗ ಸುಳ್ಳು ಹೇಳಿದವರು ಈಗ ಅರ್ಜಿದಾರರ ಜೊತೆ ಸೇರಿಕೊಂಡು ಸುಳ್ಳು ಹೇಳುತ್ತಿಲ್ಲ ಎಂದು ನಂಬುವುದು ಹೇಗೆ? ಗುಂಪಿಗೆ ‘ನೋಡ್ತೀನಿ’ ಎಂದು ಹೋದ ಮೆಸೇಜಿನ ಸಮಯ 9:14, 108ಕ್ಕೆ ಮಾಡಿದ ಕರೆಯ ಸಮಯ 9:15. ಎರಡನ್ನೂ ಪ್ರಿಂಟ್ ಹಾಕಿಸಿ ತಂದಿದ್ದೆ. ಅದನ್ನು ದಾಖಲೆಯಾಗಿ ತೆಗೆದುಕೊಳ್ಳಬಹುದೇ ಎಂದು ಇಬ್ಬರು ವಕೀಲರೂ ವಾದಕ್ಕೆ ಬಿದ್ದರು. ನ್ಯಾಯಾಧೀಶರು ಗಡಿಯಾರ ನೋಡಿ ಮುಂದಿನ ತಾರೀಖು ಕೊಟ್ಟರು. ಬೈಕಿನವರು ಅರ್ಧ ದಿನದ ರಜೆಯಲ್ಲಿ ಬಂದಿದ್ದರು, ಮಧ್ಯಾಹ್ನದ ಪಾಳಿಗೆ ಮೆಟ್ರೋ ಹಿಡಿಯಲು ಹೊರಟರು. ತೀರ್ಪು ಇನ್ನೂ ಬಂದಿಲ್ಲ.